ಕೆರೆ ನೋಡೋಕೆ ಹೋದ್ರೆ ಮೊದ್ಲು ಕೋಡಿ ನೋಡಿ

ಪುಣೆಗೆ ಹೊಸದಾಗಿ ಬಂದ ನಮ್ಮ ಕಡೆಯವರು ಯಾರಾದ್ರೂ ವೀಕೆಂಡಿಗೆ ಎಲ್ಲಿಗೆ ಹೋಗೋದು ಅಂತ ಕೇಳಿದ್ರೆ ಎಲ್ಲರ ಬಾಯಲ್ಲೂ ಬರೋ ಲಿಸ್ಟ್ ಒಂದೇ. ಖಡಕ್‌ವಾಸ್ಲಾ, ಪಾನ್‌ಶೇತ್, ಮುಳಶಿ, ಪವನಾ, ಹತ್ರದಲ್ಲೇ ಬೇಕಂದ್ರೆ ಪಾಷಾಣ್ ಇಲ್ಲಾ ಕಾತ್ರಜ್. ಎಲ್ಲಾ ನೀರಿನ ಜಾಗಗಳೇ. ದಡದಲ್ಲಿ ಸುಟ್ಟ ಜೋಳ, ಕಾಂದಾ ಭಜಿ, ಸೆಲ್ಫಿ, ವಾಪಸ್ ಬರುವಾಗ ಸಿಂಹಗಡ್ ರೋಡ್ ಟ್ರಾಫಿಕ್ಕು. ತಮಾಷೆ ಏನಪ್ಪಾ ಅಂದ್ರೆ ಈ ಲಿಸ್ಟಿನಲ್ಲಿ ತಾನಾಗೇ ಹುಟ್ಟಿದ ಕೆರೆ ಅನ್ನೋದು ಒಂದೂ ಇಲ್ಲ. ಎಲ್ಲಾ ಯಾರೋ ಒಬ್ಬರು ಹಳ್ಳಕ್ಕೋ ನದಿಗೋ ಅಡ್ಡ ಕಟ್ಟಿ ನಿಲ್ಲಿಸಿದ ನೀರು. ಪೇಶ್ವೆ ಕಟ್ಟಿದ್ದು, ಬ್ರಿಟಿಷರು ಕಟ್ಟಿದ್ದು, ಟಾಟಾ ಕಟ್ಟಿದ್ದು, ಆಮೇಲೆ ಸರ್ಕಾರ ಕಟ್ಟಿದ್ದು.

ಯಾಕೆ ಹೀಗೆ ಅಂತ ಸ್ವಲ್ಪ ಕೆದಕಿದ್ರೆ ಚೆನ್ನಾಗಿರೋ ಕತೆ ಸಿಗುತ್ತೆ. ಕೆರೆ ಆಗೋಕೆ ಏನ್ ಬೇಕು, ನೆಲದಲ್ಲಿ ಒಂದು ತಗ್ಗು ಬೇಕು, ಅದಕ್ಕೆ ನೀರು ಬರ್ಬೇಕು, ತಳ ಸೋರಬಾರದು. ನೀರು ಎಲ್ಲಾ ಕಡೆ ಇದೆ, ತಳಾನೂ ಹೂಳು ಬಿದ್ದು ಬಿದ್ದು ತಾನೇ ಮುಚ್ಕೊಳ್ಳುತ್ತೆ, ಕಷ್ಟ ಇರೋದು ತಗ್ಗಿನದ್ದು. ಯಾಕಂದ್ರೆ ಹರಿಯೋ ನೀರಿಗೆ ತಗ್ಗು ಕಂಡ್ರೆ ಆಗಲ್ಲ. ಒಂದು ಕಡೆಯಿಂದ ಮಣ್ಣು ತಂದು ತುಂಬುತ್ತೆ, ಇನ್ನೊಂದು ಕಡೆ ಹೊರಗೆ ಹೋಗೋ ದಾರಿ ಕೊರ್ಕೊಂಡು ಕೊರ್ಕೊಂಡು ಆಳ ಮಾಡುತ್ತೆ. ಟೈಮ್ ಕೊಟ್ರೆ ಕೆರೆ ಎರಡೂ ಕಡೆಯಿಂದ ಸಾಯುತ್ತೆ. ಅದಕ್ಕೇ ಪ್ರಪಂಚದಲ್ಲಿ ಕೆರೆಗಳು ಜಾಸ್ತಿ ಇರೋದು ಇತ್ತೀಚೆಗೆ ನೆಲ ಕದಡಿದ ಜಾಗದಲ್ಲಿ. ಇತ್ತೀಚೆಗೆ ಅಂದ್ರೆ ಭೂಮಿ ಲೆಕ್ಕದಲ್ಲಿ, ಹತ್ತು ಹನ್ನೆರಡು ಸಾವಿರ ವರ್ಷ. ಫಿನ್ಲೆಂಡಿನಲ್ಲಿ ಸಣ್ಣ ಪುಟ್ಟದ್ದೆಲ್ಲಾ ಸೇರಿ 1,87,000ಕ್ಕೂ ಜಾಸ್ತಿ ಕೆರೆ ಇವೆ, ಹೆಚ್ಚುಕಮ್ಮಿ ಅಷ್ಟೂ ಹಿಮಯುಗದ ಮಂಜಿನ ರಾಶಿ ಬಂಡೆ ಕೆರೆದು, ಮಣ್ಣು ತಂದು ಅಲ್ಲಲ್ಲಿ ಸುರಿದು, ಕರಗಿ ಹೋಗುವಾಗ ಬಿಟ್ಟು ಹೋದ ತಗ್ಗುಗಳು. ಅಮೆರಿಕಾ ಕೆನಡಾ ಮಧ್ಯದ ದೊಡ್ಡ ದೊಡ್ಡ ಸರೋವರಗಳೂ ಅದೇ ಮಂಜಿನ ಕೆಲಸ. ನೆಲಾನೇ ಸೀಳ್ತಾ ಇರೋ ಕಡೆ ಇನ್ನೊಂದು ಥರ, ರಷ್ಯಾದ ಬೈಕಲ್ ಇದೆಯಲ್ಲ, 1,642 ಮೀಟರ್ ಆಳ, ಎರಡೂವರೆ ಕೋಟಿ ವರ್ಷ ವಯಸ್ಸು, ಅದು ಇನ್ನೂ ಬದುಕಿರೋದು ಯಾಕೆ ಅಂದ್ರೆ ಹೂಳು ತುಂಬೋ ಸ್ಪೀಡಿಗೆ ಸರಿಯಾಗಿ ತಳದಲ್ಲಿ ನೆಲ ಸೀಳಿ ಕೆಳಗೆ ಇಳೀತಾನೇ ಇದೆ.

ನಮ್ಮ ದಖನ್‌ದು ಹಳೇ ನೆಲ. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಕಪ್ಪು ಕಲ್ಲು, ಅದರ ಮೇಲೆ ಮಂಜಿನ ರಾಶಿ ಕೂತಿಲ್ಲ, ದೊಡ್ಡದಾಗಿ ಸೀಳಿಲ್ಲ, ನದಿಗಳಿಗೆ ಕೋಟ್ಯಂತರ ವರ್ಷ ಟೈಮ್ ಸಿಕ್ಕಿದೆ. ಅವು ಇದ್ದ ತಗ್ಗನ್ನೆಲ್ಲ ತುಂಬಿ, ಕೊರೆದು, ನೀಟಾಗಿ ಹರ್ಕೊಂಡು ಹೋಗೋ ದಾರಿ ಮಾಡ್ಕೊಂಡಿವೆ. ನಮ್ಮ ಕರ್ನಾಟಕದ ಒಳನಾಡಿಂದೂ ಅದೇ ಕತೆ, ಕಲ್ಲು ಇನ್ನೂ ಹಳೇದು ಅಷ್ಟೇ. ಮಳೆ ಮಾತ್ರ ನಾಲ್ಕು ತಿಂಗಳಲ್ಲಿ ಸುರಿದು ಕೈ ತೊಳ್ಕೊಂಡು ಹೋಗುತ್ತೆ. ಹಾಗಾಗಿ ನೀರು ಬೇಕಂದ್ರೆ ಜನಾನೇ ತಗ್ಗು ಮಾಡ್ಬೇಕಿತ್ತು, ಮಾಡಿದ್ರು. 1866ರಲ್ಲಿ ಸ್ಯಾಂಕಿ ಅನ್ನೋ ಇಂಜಿನಿಯರ್ (ಬೆಂಗಳೂರಿನ ಸ್ಯಾಂಕಿ ಕೆರೆ ಅವರ ಹೆಸರಿಂದೇ) ಮೈಸೂರು ಸಂಸ್ಥಾನ ಪೂರ್ತಿ ನೋಡಿ, ಇಲ್ಲಿ ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕ್ಬೇಕಂದ್ರೆ ಬುದ್ಧಿ ಖರ್ಚು ಮಾಡ್ಬೇಕು ಅನ್ನೋ ಅರ್ಥದಲ್ಲಿ ಬರೆದಿಟ್ಟಿದ್ದಾರೆ. ಅಷ್ಟು ಕೆರೆ ಕಟ್ಟಿ ಮುಗಿಸಿದ್ರು ನಮ್ಮ ಹಳಬರು, ಪ್ರಾಜೆಕ್ಟ್ ರಿಪೋರ್ಟ್ ಇಲ್ಲ ಟೆಂಡರ್ ಇಲ್ಲ.

ಡೆಕ್ಕನ್ನಿನ ಕಪ್ಪು ಕಲ್ಲಲ್ಲಿ ಹುಟ್ಟು ಸರೋವರ ಅಂತ ಹೇಳೋದಕ್ಕೆ ಎಲ್ಲರಿಗೂ ನೆನಪಾಗೋದು ಲೋಣಾರ್, ಅದು ನೆಲದಿಂದ ಹುಟ್ಟಿದ್ದೂ ಅಲ್ಲ, ಆಕಾಶದಿಂದ ಬಿದ್ದಿದ್ದು. ಬುಲಢಾಣಾ ಜಿಲ್ಲೆಯಲ್ಲಿದೆ, ಉಲ್ಕೆ ಬಡಿದು ಆದ ಗುಂಡಿ, ಅಡ್ಡಕ್ಕೆ ಸುಮಾರು 1.8 ಕಿಲೋಮೀಟರ್. ಮೊದ್ಲೆಲ್ಲ ಇದಕ್ಕೆ 50 ಸಾವಿರ ವರ್ಷದ ಆಸುಪಾಸು ವಯಸ್ಸು ಅಂತಿದ್ರು, ಆಮೇಲೆ ಆರ್ಗಾನ್ ವಿಧಾನದಲ್ಲಿ ಲೆಕ್ಕ ಹಾಕಿದವರು 5,70,000 ವರ್ಷ ಅಂದ್ರು. ಹತ್ತು ಪಟ್ಟು ವ್ಯತ್ಯಾಸ, ಕೆರೆಗೇನು, ಅದು ಹುಟ್ಟಿದ ತಾರೀಖು ಕೇಳಲ್ಲ. ಲೋಣಾರ್ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ನಾನು ಹೇಳ್ಬೇಕಾದ್ದಕ್ಕೆ ಅದೊಂದು ಒಳ್ಳೇ ಸಾಕ್ಷಿ.

ನಾನು ಹೇಳ್ಬೇಕಾದ್ದು ಏನಂದ್ರೆ, ಕೆರೆ ಬಗ್ಗೆ ಯಾರೇ ಬರೆದ್ರೂ ನೀರಿನ ಬಗ್ಗೆ ಬರೀತಾರೆ, ಏರಿ ಬಗ್ಗೆ ಬರೀತಾರೆ, ಹಕ್ಕಿ ಬಗ್ಗೆ ಬರೀತಾರೆ, ಕೋಡಿ, ಅಂದ್ರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗೋ ಜಾಗ, ಅದರ ಬಗ್ಗೆ ಯಾರೂ ಬರೆಯಲ್ಲ. ನನ್ನ ತಲೆಗೆ ಇದು ಹೋಗಿದ್ದು ನಮ್ಮ ದೊಡ್ಡಪ್ಪನಿಂದ. ನಮ್ಮದು ಚನ್ನಗಿರಿ ಕಡೆ, ಸೂಳೆಕೆರೆ ಅಚ್ಚುಕಟ್ಟು. ಶಾಂತಿಸಾಗರ ಅಂತ ಬೋರ್ಡ್ ಹಾಕಿದ್ದಾರೆ, ಊರಲ್ಲಿ ಮಾತ್ರ ಹಳೇ ಹೆಸರೇ. ಶಾಂತವ್ವ ಕಟ್ಟಿಸಿದ್ದು ಅಂತ ಕತೆ, 11-12ನೇ ಶತಮಾನದ್ದು ಅಂತಾರೆ. ಅದನ್ನ ನೋಡಿದವರಿಗೆ ಗೊತ್ತು, ಕೆರೆ ಕಣ್ಣು ಹಾಯಿಸಿದಷ್ಟು ದೂರ ಇದೆ, ಏರಿ ಮಾತ್ರ ಎರಡು ಗುಡ್ಡದ ಸಂದಿಯಲ್ಲಿ ಗಿಡ್ಡಕ್ಕೆ. ಕಟ್ಟಿದೋರು ಎಲ್ಲಿ ಕಮ್ಮಿ ಮಣ್ಣು ಹೊತ್ರೆ ಜಾಸ್ತಿ ನೀರು ನಿಲ್ಲುತ್ತೆ ಅಂತ ನೋಡಿ ಕಟ್ಟಿದ್ದಾರೆ. ದೊಡ್ಡಪ್ಪ ಆ ನೀರಲ್ಲೇ ಭತ್ತ ಬೆಳೆದು ವಯಸ್ಸಾದೋರು, ಈಗ ಅಡಿಕೆ. ಮೊಣಕಾಲು ತೋರಿಸೋಕೆ ಅಂತ ಪುಣೆಗೆ ಬಂದಿದ್ದಾಗ ಕಾತ್ರಜ್ ಕೆರೆಗೆ ಕರ್ಕೊಂಡು ಹೋದೆ, ನಾವಿರೋ ಧನಕವಡಿಯಿಂದ ಹತ್ತಿರ. ಪಕ್ಕದಲ್ಲಿ ಝೂ ಇದೆ, ಅಲ್ಲಿ ಹುಲಿ ನೋಡಿ ಖುಷಿಪಡ್ತಾರೆ ಅಂದ್ಕೊಂಡಿದ್ದೆ. ಹುಲಿಗೆ ಅಂತ ಎರಡು ನಿಮಿಷ ಕೊಟ್ರು ಅಷ್ಟೇ. ಕೆರೆ ಹತ್ರ ಬಂದು ನಿಂತವರು ಮಾತ್ರ ಆ ಕಡೆ ಈ ಕಡೆ ಕತ್ತು ತಿರುಗಿಸ್ತಾ ಏನೋ ಹುಡುಕ್ತಾ ಇದ್ರು.

"ಇದ್ರ ಕೋಡಿ ಎಲ್ಲೈತೆ ತಮ್ಮಾ?"

"ಆ ಕಡೆ ಇರ್ಬೇಕು ದೊಡ್ಡಪ್ಪ, ತುಂಬಿದಾಗ ಆಂಬಿಲ್ ಓಢಾ ಅಂತ ಹಳ್ಳಕ್ಕೆ ಹೋಗುತ್ತೆ."

"ಹಳ್ಳ ಎಲ್ಲಿ ಹೋಗ್ತತೆ?"

"ಊರೊಳಗೆ."

"ಊರೊಳಗಾ?" ಅಂತ ಒಂದ್ಸಲ ನನ್ನ ಮುಖ ನೋಡಿದ್ರು. "ಕೋಡಿ ನೀರ್ನ ಊರೊಳಗೆ ಬಿಟ್ಕಂಡು ಹೆಂಗ್ ನಿದ್ದೆ ಮಾಡ್ತಾರೆ ಇವ್ರು."

ಅವರು ಹಾಗಂದಾಗ ನಂಗೆ 2019ರ ಸೆಪ್ಟೆಂಬರ್ 25ರ ರಾತ್ರಿ ನೆನಪಾಯ್ತು. ಪುಣೆಯಲ್ಲಿ ಇದ್ದವರು ಯಾರೂ ಮರೆತಿರಲ್ಲ. ಕಾತ್ರಜ್ ಕಡೆ ಗುಡ್ಡದಲ್ಲಿ ಮಳೆ ಸುರಿದು ಆಂಬಿಲ್ ಓಢಾ ಉಕ್ಕಿ, ಅರಣ್ಯೇಶ್ವರ್, ಸಹಕಾರನಗರ್ ಕಡೆ ಸೊಸೈಟಿ ಗೋಡೆಗಳೆಲ್ಲ ಬಿದ್ದು, ಪಾರ್ಕಿಂಗಿನ ಕಾರುಗಳು ಒಂದರ ಮೇಲೊಂದು ಹತ್ತಿ ಕೂತಿದ್ವು. ಜನ ಸತ್ರು. ಮಾರನೇ ದಿನ ಪೇಪರ್ ಟೀವಿಲಿ ಎಲ್ಲಾ ನಾಲಾ ಉಕ್ಕಿತು ನಾಲಾ ಉಕ್ಕಿತು ಅಂತ. ಓಢಾ ಅಂದ್ರೆ ಹಳ್ಳ, ಅದನ್ನ ನಾಲಾ ಮಾಡಿ, ಗೋಡೆ ಕಟ್ಟಿ ಕಿರಿದು ಮಾಡಿ, ದಡದಲ್ಲಿ ಮನೆ ಕಟ್ಟಿ ಕೂತ ಮೇಲೆ ಅದು ಏನ್ ಮಾಡ್ಬೇಕು.

ಈ ಆಂಬಿಲ್ ಓಢಾ ಕತೆ ಪುಣೆ ಇತಿಹಾಸದಲ್ಲೇ ನಂಗೆ ಭಾರಿ ಇಷ್ಟ. 1750ರ ಆಸುಪಾಸು ನಾನಾಸಾಹೇಬ್ ಪೇಶ್ವೆ ಇದಕ್ಕೆ ಕಾತ್ರಜ್‌ನಲ್ಲಿ ಕಟ್ಟೆ ಕಟ್ಟಿಸಿ, ಅಲ್ಲಿಂದ ನೆಲದಡಿ ಕಲ್ಲಿನ ಕಾಲುವೆ ಮಾಡಿಸಿ ಶನಿವಾರವಾಡದವರೆಗೆ ನೀರು ತಂದ್ರು. ಪಂಪ್ ಇಲ್ಲ ಏನಿಲ್ಲ, ಬರೀ ಇಳಿಜಾರು. ಮಧ್ಯೆ ಮಧ್ಯೆ ಗಾಳಿ ಹೊರಗೆ ಹೋಗೋಕೆ ಉಚ್ಛ್ವಾಸ್ ಅಂತ ಗೋಪುರದ ಥರದ್ದು, ಪೇಟೆ ಪೇಟೆಯಲ್ಲಿ ಹೌದ್ ಅಂತ ನೀರಿನ ತೊಟ್ಟಿಗಳು. ಕಾಳಾ ಹೌದ್ ಅಂತ ಈಗ್ಲೂ ಜಾಗದ ಹೆಸರಿದೆ, ಆಟೋದೋರಿಗೆ ಹೇಳಿದ್ರೆ ಕರ್ಕೊಂಡು ಹೋಗ್ತಾರೆ. ಅದೇ ಹಳ್ಳಕ್ಕೆ ಕೆಳಗೆ ಪರ್ವತಿ ಗುಡ್ಡದ ಬುಡದಲ್ಲೂ ಒಂದು ಕೆರೆ ಮಾಡಿಸಿದ್ರು, ಮಧ್ಯದಲ್ಲಿ ನಡುಗಡ್ಡೆ ಬಿಟ್ಟು. ಆಮೇಲೆ ಸವಾಯಿ ಮಾಧವರಾವ್ ಪೇಶ್ವೆ ಕಾಲದಲ್ಲಿ, 1784ರಲ್ಲಿ, ಆ ನಡುಗಡ್ಡೆ ಮೇಲೆ ಗಣಪತಿ ಕೂತ. ಈಗ ಸಾರಸ್‌ಬಾಗ್‌ಗೆ ಹೋಗಿ ಗಣಪತಿಗೆ ಕೈ ಮುಗಿದು ಹೊರಗೆ ಬಂದು ಭೇಲ್ ತಿಂತೀವಲ್ಲ, ಅದು ಕೆರೆ ತಳ. ದೇವರಿಗೆ ಇನ್ನೂ ತಳ್ಯಾತಲಾ ಗಣಪತಿ ಅಂತಾರೆ, ಕೆರೆಯೊಳಗಿನ ಗಣಪ. ಕೆರೆ ಹೋಗಿ ಪಾರ್ಕ್ ಆಯ್ತು, ಸುತ್ತ ರೋಡ್ ಆಯ್ತು, ಮೇಲಿಂದ ಬರೋ ಹಳ್ಳ ಮಾತ್ರ ಇದೆ. ಕೆರೆ ಮುಚ್ಚಿದ್ರೆ ಹಳ್ಳ ಹರಿಯೋದು ನಿಲ್ಲಲ್ಲ, ನಿಲ್ಲಿಸೋ ಜಾಗ ಒಂದು ಕಮ್ಮಿ ಆಯ್ತು ಅಷ್ಟೇ.

ಬೆಂಗಳೂರಿನ ವಿಷಯ ನಾನು ಮತ್ತೆ ಹೇಳೋದು ಬೇಡ, ಒಂದು ಕೆರೆ ಕೋಡಿ ಇನ್ನೊಂದು ಕೆರೆ ಬಾಯಿ, ಹಂಗೇ ಸರಪಳಿ, ನಡುವೆ ರಾಜಕಾಲುವೆ, ಅದರ ಮೇಲೆ ಲೇಔಟ್. ಎಲ್ಲರಿಗೂ ಗೊತ್ತಿರೋದೇ.

ಈ ಕೋಡಿ ಕಣ್ಣಿಂದ ನೋಡೋಕೆ ಶುರು ಮಾಡಿದ್ರೆ ಹುಟ್ಟು ಸರೋವರಗಳೂ ಬೇರೆ ಥರ ಕಾಣ್ತವೆ. ಬೈಕಲ್‌ಗೆ ಮುನ್ನೂರಕ್ಕೂ ಜಾಸ್ತಿ ನದಿ ಹಳ್ಳ ಬಂದು ಬೀಳ್ತವೆ, ಹೊರಗೆ ಹೋಗೋದು ಮಾತ್ರ ಅಂಗಾರಾ ಅನ್ನೋ ಒಂದೇ ನದಿ. ನಯಾಗರಾ ಫಾಲ್ಸ್ ಇದೆಯಲ್ಲ, ನಮ್ಮ ಐಟಿ ಮಂದಿ ಆನ್‌ಸೈಟ್ ಹೋದಾಗ ಕಡ್ಡಾಯ ಫೋಟೋ ತೆಗೆಸ್ಕೊಳ್ಳೋ ಜಾಗ, ಅದು ಬೇರೇನಲ್ಲ, ಈರಿ ಸರೋವರದ ಕೋಡಿ. ಆ ಕೋಡಿ ಸುಮಾರು 12 ಸಾವಿರ ವರ್ಷದಲ್ಲಿ ಕಲ್ಲು ತಿಂತಾ ತಿಂತಾ ಹತ್ರ ಹತ್ರ 11 ಕಿಲೋಮೀಟರ್ ಹಿಂದಕ್ಕೆ ಸರ್ಕೊಂಡು ಬಂದಿದೆ. ಹೀಗೇ ತಿಂದ್ಕೊಂಡು ಹೋಗಿ ಒಂದಿನ ಸರೋವರಕ್ಕೇ ಬಾಯಿ ಹಾಕುತ್ತೆ. ಕಾಶ್ಮೀರದಲ್ಲಿ ಆ ಕೆಲಸ ಮುಗಿದು ಹೋಗಿದೆ. ಅಲ್ಲಿ ಕಣಿವೆ ಪೂರ್ತಿ ಒಂದು ಕಾಲಕ್ಕೆ ಸರೋವರ ಆಗಿತ್ತು, ಕಶ್ಯಪ ಋಷಿ ಬಾರಾಮುಲ್ಲಾ ಹತ್ರ ಗುಡ್ಡ ಸೀಳಿ ನೀರು ಬಿಟ್ಟ ಅಂತ ಪುರಾಣ. ಭೂವಿಜ್ಞಾನದವರು ಹೇಳೋದರಲ್ಲಿ ಋಷಿ ಇಲ್ಲ, ಉಳಿದಿದ್ದು ಹೆಚ್ಚುಕಮ್ಮಿ ಅದೇ, ಜೇಲಂ ನದಿ ಬಾರಾಮುಲ್ಲಾ ಕಡೆಯಿಂದ ದಾರಿ ಮಾಡ್ಕೊಂಡು ಹೋಯ್ತು, ಕೆರೆ ತಳದ ಹೂಳು ದಿಬ್ಬ ದಿಬ್ಬವಾಗಿ ಉಳೀತು. ಕರೇವಾ ಅಂತಾರೆ ಆ ದಿಬ್ಬಗಳಿಗೆ, ಪಾಂಪೋರಿನ ಕೇಸರಿ ಬೆಳೆಯೋದು ಅದರ ಮೇಲೆ. ಪಾಯಸಕ್ಕೆ ಹಾಕೋ ಕೇಸರಿ ಎಳೆ ಖಾಲಿಯಾದ ಕೆರೆಯದ್ದು ಅಂತ ಗೊತ್ತಾದ ಮೇಲೆ ಅದರ ರೇಟ್ ಬಗ್ಗೆ ಗೊಣಗೋದು ಸ್ವಲ್ಪ ಕಮ್ಮಿ ಮಾಡಿದೀನಿ.

ಗುಡ್ಡ ಕುಸಿದು ಆಗೋ ಕೆರೆಗಳದ್ದು ಇನ್ನೂ ಬೇರೆ ಕತೆ, ಅವು ಹುಟ್ಟುವಾಗ್ಲೇ ಕೋಡಿ ಇಲ್ದೆ ಹುಟ್ಟೋವು. 1893ರಲ್ಲಿ ಗಢವಾಲ್ ಕಡೆ ಬಿರಹಿ ಗಂಗಾ ಅನ್ನೋ ನದಿಗೆ ಬೆಟ್ಟಾನೇ ಕುಸಿದು ಅಡ್ಡ ಬಿತ್ತು, ಹಿಂದೆ ನೀರು ಏರ್ತಾ ಹೋಯ್ತು, ಗೋಹನಾ ತಾಲ್ ಅಂತ ಹೆಸರಾಯ್ತು. ಕಲ್ಲು ಮಣ್ಣಿನ ರಾಶಿ, ನೀರು ನೆತ್ತಿ ಮುಟ್ಟಿದ ದಿನ ಅದೇ ನೀರು ಅದನ್ನ ಕತ್ತರಿಸ್ಕೊಂಡು ಹೋಗುತ್ತೆ ಅಂತ ಇಂಜಿನಿಯರುಗಳಿಗೆ ಗೊತ್ತಾಗಿ ಯಾವಾಗ ತುಂಬುತ್ತೆ ಅಂತ ಲೆಕ್ಕ ಹಾಕಿ, ಕೆಳಗಿನ ಊರಿಗೆಲ್ಲ ಟೆಲಿಗ್ರಾಫ್ ಲೈನ್ ಎಳೆದು, ಜನಾನ ಮೇಲಕ್ಕೆ ಕಳ್ಸಿದ್ರು. 1894ರ ಆಗಸ್ಟ್‌ನಲ್ಲಿ ಒಡೀತು, ಗಢವಾಲಿನ ಶ್ರೀನಗರ ಕೊಚ್ಚಿಹೋಯ್ತು, ಜನ ಮಾತ್ರ ಹೆಚ್ಚುಕಮ್ಮಿ ಎಲ್ಲಾ ಬಚಾವ್. ಟೆಲಿಗ್ರಾಫ್ ಕಾಲದಲ್ಲಿ ಇದು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಅನ್ನೋ ಹಿಮಸರೋವರ ಒಡೆದಾಗ ಸ್ಯಾಟಲೈಟ್ ಇತ್ತು, ಮೊಬೈಲ್ ಇತ್ತು, ಆ ಸರೋವರ ಅಪಾಯದ್ದು ಅಂತ ಮೊದಲೇ ಬರೆದಿಟ್ಟ ಪೇಪರುಗಳಿದ್ವು, ಆದ್ರೂ ರಾತ್ರೋರಾತ್ರಿ ನೀರು ಬಂದು ಚುಂಗ್‌ಥಾಂಗ್‌ನಲ್ಲಿ ತೀಸ್ತಾಗೆ ಕಟ್ಟಿದ ಡ್ಯಾಮನ್ನೇ ಕಿತ್ಕೊಂಡು ಹೋಯ್ತು. ಹುಟ್ಟು ಕೆರೆ ಒಡೆದು ಕಟ್ಟಿದ ಕೆರೇನ ಹೊಡೀತು.

ಪುಣೆಯವರಿಗೆ ಇದು ಹಿಮಾಲಯದ ಕತೆ ಅಲ್ಲ. ಇಲ್ಲಿ ಹಳೇ ಪೇಟೆಗಳಲ್ಲಿ, ನಾರಾಯಣ ಪೇಠ್, ಶನಿವಾರ ಪೇಠ್ ಕಡೆ ವಯಸ್ಸಾದೋರು ಯಾರೇ ಸಿಕ್ರೂ 1961 ಅಂದ್ರೆ ಸಾಕು ಶುರು ಮಾಡ್ತಾರೆ. ಜುಲೈ 12. ಪಾನ್‌ಶೇತ್ ಮಣ್ಣಿನ ಡ್ಯಾಮ್, ಆಂಬಿ ನದಿಗೆ ಹೊಸದಾಗಿ ಕಟ್ಟಿದ್ದು, ತೂಬಿನ ಕಡೆ ಕೆಲಸ ಪೂರ್ತಿ ಮುಗಿಯೋ ಮೊದ್ಲೇ ಮಳೆಗಾಲದ ನೀರು ತುಂಬಿ, ಏರಿ ಕುಸೀತಾ ಬಂದು ಬೆಳಗ್ಗೆ ಒಡೀತು. ಅಷ್ಟೂ ನೀರು ಬಂದು ಕೆಳಗಿನ ಖಡಕ್‌ವಾಸ್ಲಾ ಮೇಲೆ ಕೂತ್ಕೊಂಡ್ತು. ಖಡಕ್‌ವಾಸ್ಲಾ 1879ರದ್ದು, ಕಲ್ಲಿನ ಡ್ಯಾಮು, ಆಗ್ಲೇ ಎಂಬತ್ತು ದಾಟಿತ್ತು ವಯಸ್ಸು, ಕೆಲವು ಗಂಟೆ ತಡೀತು, ಆಮೇಲೆ ಅದೂ ಹೋಯ್ತು. ಮುಠಾ ನದಿ ಲಕಡಿ ಪೂಲ್ ಮೇಲಿಂದ ಹರಿದು ಊರೊಳಗೆ ಬಂತು. ಹಳೇ ವಾಡೆಗಳು ಮಣ್ಣು ಗೋಡೆಯವು, ನೀರಲ್ಲಿ ನೆನೆದು ಕೂತುಬಿಟ್ವು. ನಮ್ಮ ಹಳೇ ಮನೆ ಓನರ್ ಆಜಿ ಹೇಳ್ತಿದ್ರು, ನೀರು ಇಳಿದ ಮೇಲೆ ತಿಂಗಳುಗಟ್ಟಲೆ ಪಾತ್ರೆ ತೊಳೆದ್ರೂ ಕೆಸರು ವಾಸನೆ ಹೋಗ್ತಿರಲಿಲ್ವಂತೆ. ಆ ಪ್ರವಾಹ ಆದ ಮೇಲೆ ಪುಣೆ ನದಿ ಬಿಟ್ಟು ಆಚೆ ಜೋರಾಗಿ ಬೆಳೀತು, ಪೂರಗ್ರಸ್ತರಿಗೆ, ಅಂದ್ರೆ ನೆರೆಯಲ್ಲಿ ಮನೆ ಕಳ್ಕೊಂಡವರಿಗೆ ಅಂತ ಮಾಡಿದ ಕಾಲೊನಿಗಳು ಇನ್ನೂ ಇವೆ.

ಖಡಕ್‌ವಾಸ್ಲಾಗೆ ಹೋದಾಗೆಲ್ಲ ನಾನು ಜೊತೆಲಿದ್ದೋರಿಗೆ ಒಂದು ವಿಷಯ ಹೇಳಿ ತಲೆ ತಿಂತೀನಿ, ಇಲ್ಲೂ ತಿನ್ನೋದೇ. ಕೆ.ಆರ್.ಎಸ್. ಅಂದ್ರೆ ನಮಗೆ ವಿಶ್ವೇಶ್ವರಯ್ಯ, ಆದ್ರೆ ಅವರು ಇಂಜಿನಿಯರಿಂಗ್ ಓದಿದ್ದು ಇದೇ ಪುಣೆಯಲ್ಲಿ, ಈಗ ಸಿಓಇಪಿ ಅಂತೀವಲ್ಲ ಆ ಕಾಲೇಜಲ್ಲಿ, ಆಮೇಲೆ ಮುಂಬಯಿ ಸರ್ಕಾರದ ಕೆಲಸದಲ್ಲಿ ಇಲ್ಲೇ ನೀರಾವರಿ ನೋಡ್ಕೊಂಡಿದ್ರು. ಅವಾಗ ಖಡಕ್‌ವಾಸ್ಲಾ ಕೆರೆಗೆ ಲೇಕ್ ಫೈಫ್ ಅಂತ ಹೆಸರು. ಸಮಸ್ಯೆ ಏನಿತ್ತಂದ್ರೆ ಮಳೆಗಾಲದಲ್ಲಿ ನೀರು ಕೋಡಿ ಬಿದ್ದು ಸುಮ್ನೆ ಹೋಗ್ತಿತ್ತು, ಬೇಸಿಗೆಗೆ ಸಾಲ್ತಿರಲಿಲ್ಲ, ಡ್ಯಾಮ್ ಎತ್ತರಿಸೋಕೆ ಖರ್ಚು. ಇವರು ಡ್ಯಾಮ್ ಮುಟ್ಟಲಿಲ್ಲ, ಕೋಡಿ ಮೇಲೆ ಬಾಗಿಲು ಕೂರಿಸಿದ್ರು. ನೀರು ಒಂದು ಮಟ್ಟ ಮುಟ್ಟೋವರೆಗೆ ಮುಚ್ಚಿರುತ್ತೆ, ಮುಟ್ಟಿದ್ರೆ ನೀರಿನ ಬಲಕ್ಕೇ ತಾನಾಗಿ ತೆರ್ಕೊಳ್ಳುತ್ತೆ, ಇಳಿದ್ರೆ ಮುಚ್ಕೊಳ್ಳುತ್ತೆ. ಅರ್ಧರಾತ್ರಿ ಮಳೇಲಿ ಯಾರೋ ಕಾವಲುಗಾರ ಎದ್ದು ಹೋಗಿ ತಿರುಗಿಸ್ಬೇಕು ಅನ್ನೋ ರಗಳೆ ಇಲ್ಲ. 1903ರಲ್ಲಿ ಮೊದಲು ಹಾಕಿದ್ದು ಇಲ್ಲೇ, ಆಮೇಲೆ ಗ್ವಾಲಿಯರಿನ ತಿಗ್ರಾ ಡ್ಯಾಮ್, ಆಮೇಲೆ ಕೆ.ಆರ್.ಎಸ್. ಅದೇ ಕಟ್ಟೆ, ಅದೇ ಮಳೆ, ಕೋಡಿಯೊಂದನ್ನ ಬದಲಾಯಿಸಿದ್ರೆ ಕೆರೆ ದೊಡ್ಡದಾಯ್ತು. ದೊಡ್ಡಪ್ಪನಿಗೆ ಇದನ್ನ ಹೇಳ್ದಾಗ, "ನಮ್ಮೂರಲ್ಲಿ ಕೋಡಿಗೆ ಹಲಗೆ ಕೂರ್ಸಿ ಒಂದು ಮೊಳ ನೀರು ಜಾಸ್ತಿ ನಿಲ್ಸಿದೋನ ಮೇಲೆ ಕೆಳಗಿನ ಊರೋರು ಕೇಸ್ ಹಾಕಿದ್ರು" ಅಂದ್ರು. ಅದೂ ಸರಿನೇ.

ಈಗ ಲೋಣಾರ್. ಲೋಣಾರ್‌ಗೆ ಕೋಡಿ ಇಲ್ಲ. ಸುತ್ತ ಬಟ್ಟಲಿನ ಅಂಚಿನ ಥರ ಗೋಡೆ, ಮಳೆ ನೀರು, ಒಂದೆರಡು ಝರಿ ಒಳಗೆ ಬರ್ತವೆ, ಹೊರಗೆ ಹೋಗೋಕೆ ದಾರಿ ಬಿಸಿಲೊಂದೇ. ಆವಿಯಾಗಿ ಹೋಗೋದು ನೀರು ಮಾತ್ರ, ಅದು ತಂದ ಉಪ್ಪು ಅಲ್ಲೇ ಕೂರುತ್ತೆ. ವರ್ಷ ವರ್ಷ ಕೂತು ಕೂತು ನೀರು ಉಪ್ಪಾಗಿ, ಸೋಡಾ ಕ್ಷಾರ ಆಗಿ, ಪಿಎಚ್ 10ರ ಆಸುಪಾಸಿಗೆ ಹೋಗಿದೆ, ಮೀನಿಲ್ಲ, ವಿಚಿತ್ರ ಸೂಕ್ಷ್ಮಜೀವಿಗಳಿವೆ. 2020ರ ಜೂನ್‌ನಲ್ಲಿ ಲಾಕ್‌ಡೌನ್ ಟೈಮಲ್ಲಿ ಆ ನೀರು ಗುಲಾಬಿ ಬಣ್ಣಕ್ಕೆ ತಿರುಗಿ ಎಲ್ಲರ ವಾಟ್ಸಾಪಲ್ಲಿ ಓಡಾಡ್ತು ನೆನಪಿರ್ಬೇಕು, ಪ್ರಳಯ ಗಿಳಯ ಅಂತ ಫಾರ್ವರ್ಡ್‌ಗಳು ಬೇರೆ. ನಮ್ಮ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಸ್ಯಾಂಪಲ್ ನೋಡಿ, ಉಪ್ಪು ಜಾಸ್ತಿ ಆದಾಗ ಹೆಚ್ಚೋ ಹ್ಯಾಲೋಆರ್ಕಿಯಾ ಅನ್ನೋ ಜೀವಿಗಳ ಬಣ್ಣ ಅದು ಅಂದ್ರು. ಅದೇ ವರ್ಷ ನವೆಂಬರ್‌ನಲ್ಲಿ ರಾಮ್ಸಾರ್ ಪಟ್ಟಿಗೂ, ಅಂದ್ರೆ ಪ್ರಪಂಚದ ಮುಖ್ಯ ಕೆರೆ ಜೌಗುಗಳ ಪಟ್ಟಿಗೂ, ಸೇರ್ತು. ಮೃತ ಸಮುದ್ರ, ರಾಜಸ್ಥಾನದ ಸಾಂಭರ್, ಕ್ಯಾಸ್ಪಿಯನ್, ಎಲ್ಲಾ ಇದೇ ಜಾತಿ. ಒಳಗೆ ಬರ್ತಾ ಇರ್ಬೇಕು, ಹೊರಗೆ ಹೋಗ್ತಾ ಇರ್ಬೇಕು, ಹೋಗೋದು ನಿಂತ ನೀರು ಸಿಹಿಯಾಗಿ ಉಳಿಯಲ್ಲ.

ಊರ ಕೆರೆಗಳಲ್ಲೂ ಇದೇ ಆಗ್ತಿದೆ, ಉಪ್ಪಿನ ಬದಲು ಚರಂಡಿ. ಪಾಷಾಣ್ ಕೆರೆ ನೋಡಿ. ರಾಮನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದು, ಗವರ್ನರ್ ಬಂಗಲೆಗೆ ನೀರು ಹೋಗ್ತಿತ್ತು ಅಲ್ಲಿಂದ. ಈಗ ಬಾವ್‌ಧನ್, ಸುಸ್ ಕಡೆಯ ಬಿಲ್ಡಿಂಗ್‌ಗಳ ನೀರು ರಾಮನದಿಯಲ್ಲಿ ಬರುತ್ತೆ, ಜೊತೆಗೆ ಗುಡ್ಡ ಕೊರೆದ ಮಣ್ಣು. ಜಲಪರ್ಣಿ ಅನ್ನೋ ನೀರಿನ ಕಳೆ ಹಬ್ಬಿ ಮೇಲಿಂದ ನೋಡಿದ್ರೆ ಕ್ರಿಕೆಟ್ ಗ್ರೌಂಡ್. ಪ್ರತಿ ವರ್ಷ ಮಷಿನ್ ತರ್ತಾರೆ, ತೆಗೀತಾರೆ, ದಡದಲ್ಲಿ ರಾಶಿ ಹಾಕ್ತಾರೆ, ಮತ್ತೆ ಬರುತ್ತೆ. ನಮ್ಮ ಕಡೆ ಹಿಂದೆ ಬೇಸಿಗೆಯಲ್ಲಿ ಹೂಳು ಎತ್ತೋದು ಅಂದ್ರೆ ಗೋಡು ಮಣ್ಣು ಅಂತ ರೈತರೇ ಗಾಡಿ ಕಟ್ಕೊಂಡು ಬಂದು ಹೊಲಕ್ಕೆ ಹೊಡ್ಕೊಂಡು ಹೋಗ್ತಿದ್ರು, ಕೆರೆನೂ ಚೊಕ್ಕಟ, ಹೊಲಕ್ಕೂ ಗೊಬ್ಬರ. ಪಾಷಾಣ್ ಹೂಳನ್ನ ಯಾವ ಹೊಲಕ್ಕೆ ಹಾಕ್ತೀರಿ, ಅದರಲ್ಲಿ ಏನೇನಿದೆಯೋ.

ಮುಂಬೈದು ಇದಕ್ಕಿಂತ ಬೇಗ ಮುಗಿದ ಕತೆ. ಪವಾಯಿ ಕೆರೆ 1891ರಲ್ಲಿ ಕುಡಿಯೋ ನೀರಿಗೆ ಅಂತ ಕಟ್ಟಿದ್ರು, ನೀರು ಕುಡಿಯೋಕೆ ಲಾಯಕ್ಕಿಲ್ಲ ಅಂತ ಕೈಬಿಟ್ರು. ಅದಕ್ಕಿಂತ ಮೊದಲು 1860ರಲ್ಲಿ ಮುಗಿದ ವಿಹಾರ್ ಕೆರೆ ಇನ್ನೂ ಊರಿಗೆ ನೀರು ಕೊಡ್ತಿದೆ, ಯಾಕಂದ್ರೆ ಅದರ ಸುತ್ತ ಈಗ್ಲೂ ಕಾಡಿದೆ, ನ್ಯಾಷನಲ್ ಪಾರ್ಕ್ ಒಳಗಿದೆ. ಎರಡೂ ಅಕ್ಕಪಕ್ಕ, ಎರಡರ ಕೋಡಿ ನೀರೂ ಹೋಗೋದು ಮಿಠಿ ನದಿಗೇ. 2005ರ ಜುಲೈ 26ರಂದು ಆ ಮಿಠಿ ಏನ್ ಮಾಡ್ತು ಅಂತ ಮುಂಬೈ ಕನ್ನಡಿಗರು ಯಾರನ್ನಾದ್ರೂ ಕೇಳಿ. ಗೋವಾದವರು ಈ ವಿಷಯದಲ್ಲಿ ಜಾಣರು ಅನ್ಸುತ್ತೆ. ಕುಡಚಡೆ ಹತ್ರ ನಂದಾ ಕೆರೆ ಅಂತ ಇದೆ, 2022ರಲ್ಲಿ ಗೋವಾದ ಮೊದಲ ರಾಮ್ಸಾರ್ ತಾಣ ಆಯ್ತು. ಅದು ವರ್ಷಪೂರ್ತಿ ತುಂಬಿರಲೇಬೇಕು ಅಂತ ಯಾರೂ ಹಟ ಮಾಡಲ್ಲ. ಜುವಾರಿಯ ಉಪನದಿ ಪಕ್ಕದ ಜೌಗು ನೆಲ, ಮಳೆ ಮುಗಿದ ಮೇಲೆ ನೀರು ನಿಲ್ಲಿಸ್ಕೋತಾರೆ, ಕೆಳಗಿನ ಭತ್ತದ ಗದ್ದೆಗೆ ಬಿಡ್ತಾರೆ, ಮೀನು ಹಿಡೀತಾರೆ. ಕಟ್ಟೋದು ಬಿಡೋದು ಎರಡೂ ಊರವರ ಕ್ಯಾಲೆಂಡರಲ್ಲಿದೆ.

ಇದೆಲ್ಲದರ ಮಧ್ಯೆ ಹೊಸ ಕೆರೆಗಳೂ ಹುಟ್ತಾನೇ ಇವೆ, ಯಾರೂ ಪೂಜೆ ಮಾಡಿ ಕಟ್ಟಿದ್ದಲ್ಲ. ವಾಘೋಲಿ, ಮೋಶಿ ಕಡೆ ಕಲ್ಲು ಕ್ವಾರಿಗಳು. ನಮ್ಮ ಫ್ಲ್ಯಾಟಿಗೆ, ರೋಡಿಗೆ, ಮೆಟ್ರೋ ಕಂಬಕ್ಕೆ ಹಾಕೋ ಜಲ್ಲಿ ಬಂದಿದ್ದು ಅಂಥ ಗುಂಡಿಗಳಿಂದ. ಕೆಲಸ ನಿಂತ ಮೇಲೆ ಪಂಪ್ ಎತ್ಕೊಂಡು ಹೋಗ್ತಾರೆ, ಒಂದೆರಡು ಮಳೆಗಾಲಕ್ಕೆ ತುಂಬುತ್ತೆ. ಕಪ್ಪು ಕಲ್ಲಿನ ನೇರ ಗೋಡೆ, ಇಳಿಜಾರು ದಡ ಇಲ್ಲ, ಕಾಲಿಟ್ರೆ ನೇರ ಆಳ, ಬೇಸಿಗೆ ರಜೆಯಲ್ಲಿ ಈಜೋಕೆ ಹೋದ ಹುಡುಗರ ಸುದ್ದಿ ಪೇಪರಲ್ಲಿ ಬರ್ತಾನೇ ಇರುತ್ತೆ. ಗೋವಾದಲ್ಲಿ 2012ರಲ್ಲಿ ಗಣಿಗಾರಿಕೆ ನಿಂತಾಗ ಕಬ್ಬಿಣದ ಅದಿರಿನ ಗುಂಡಿಗಳೂ ಹಿಂಗೇ ತುಂಬ್ಕೊಂಡ್ವು, ಮೇಲಿಂದ ಫೋಟೋ ತೆಗೆದ್ರೆ ಹಸಿರು ನೀಲಿ ಸರೋವರ. ಹಳ್ಳ ಬಂದು ಸೇರಲ್ಲ, ಹೊರಗೆ ಹೋಗೋ ದಾರಿಯನ್ನ ಯಾರೂ ಯೋಚನೆ ಮಾಡಿಲ್ಲ. ಲೋಣಾರ್ ಥರ ಆಗ್ತವಾ ಅಂದ್ರೆ ಇಲ್ಲ, ಇಲ್ಲಿ ಮಳೆ ಜಾಸ್ತಿ, ಸೋರಿಕೆನೂ ಇದೆ. ಅದಕ್ಕೇ ನಂಗೆ ಅವು ಕೆರೆ ಅನ್ನಿಸೋದೂ ಇಲ್ಲ, ನೀರು ತುಂಬಿದ ಗುಂಡಿ ಅಷ್ಟೇ. ತೂಬು ಎತ್ತೋಕೆ ನೀರುಗಂಟಿ ಇಲ್ಲ, ಕೆಳಗೆ ಅಚ್ಚುಕಟ್ಟು ಇಲ್ಲ, ನೀರಿಗೆ ಕಾಯೋರು ಯಾರೂ ಇಲ್ಲ.

ಕೊನೆಗೆ ಮುಳಶಿ. ಮಳೆಗಾಲದಲ್ಲಿ ಪುಣೆಯ ಅರ್ಧ ಐಟಿ ಅಲ್ಲೇ ಇರುತ್ತೆ ಬೈಕ್ ತಗೊಂಡು. ಟಾಟಾದವರು ಕರೆಂಟಿಗೆ ಅಂತ ಕಟ್ಟಿದ ಡ್ಯಾಮು, ಮುಳುಗೋ ಊರಿನ ರೈತರು 1921ರಲ್ಲೇ ಸತ್ಯಾಗ್ರಹ ಮಾಡಿದ್ರು, ಪಾಂಡುರಂಗ ಮಹಾದೇವ ಬಾಪಟ್ ಮುಂದೆ ನಿಂತಿದ್ರು, ಸೇನಾಪತಿ ಬಾಪಟ್ ಅನ್ನೋ ಹೆಸರು ಬಂದಿದ್ದೇ ಅಲ್ಲಿಂದ. ಗೆಲ್ಲಲಿಲ್ಲ, ಕೆರೆ ತುಂಬ್ತು. ಈ ಕೆರೆ ನೀರು ಹೊರಗೆ ಹೋಗೋ ದಾರಿ ನೋಡಿದ್ರೆ ದೊಡ್ಡಪ್ಪ ಏನಂತಿದ್ರೋ. ಮುಳಾ ನದಿ ಪೂರ್ವಕ್ಕೆ ಹರಿಯೋದು, ಪುಣೆಯಲ್ಲಿ ಮುಠಾ ಸೇರಿ, ಮುಂದೆ ಭೀಮಾ ಸೇರಿ, ಉಜನಿ ಡ್ಯಾಮ್ ದಾಟಿ, ಅಫಜಲಪುರ, ಯಾದಗಿರಿ ಮೇಲೆ ಹಾದು ಕೃಷ್ಣೆಗೆ. ಆದ್ರೆ ಮುಳಶಿ ನೀರನ್ನ ಸುರಂಗದಲ್ಲಿ ಪಶ್ಚಿಮಕ್ಕೆ ತಗೊಂಡು ಹೋಗಿ, ಘಟ್ಟದ ಅಂಚಿಂದ ಭಿರಾ ಪವರ್‌ಹೌಸಿಗೆ ಬೀಳಿಸಿ, ಕರೆಂಟ್ ತೆಗೆದು ಕೊಂಕಣದ ನದಿಗೆ ಬಿಡ್ತಾರೆ. ಘಟ್ಟ ಇಷ್ಟು ಸಾವಿರ ವರ್ಷದಿಂದ ಪೂರ್ವಕ್ಕೆ ತಿರುಗಿಸಿದ ಮಳೇನ ಒಂದು ಸುರಂಗ ವಾಪಸ್ ಅರಬ್ಬಿ ಸಮುದ್ರಕ್ಕೆ ಕಳಿಸ್ತಿದೆ.

ನಮ್ಮ ಆಫೀಸಲ್ಲಿ ಅಫಜಲಪುರ ಕಡೆಯೋನು ಒಬ್ಬ ಇದಾನೆ, ಮೇ ತಿಂಗಳಲ್ಲಿ ಉಜನಿಯಿಂದ ನೀರು ಬಿಟ್ರೋ ಇಲ್ವೋ ಅಂತ ಊರಿಗೆ ಫೋನ್ ಮಾಡ್ತಾ ಇರ್ತಾನೆ, ಆಗಸ್ಟ್ ಬಂದ್ರೆ ಎಷ್ಟು ಬಿಟ್ರು ಅಂತ ಹೆದರಿ ಅದೇ ಫೋನು. ಕ್ಯಾಂಟೀನಲ್ಲಿ ಮುಳಶಿ ಫೋಟೋ ತೋರಿಸ್ತಾ ಏನ್ ಮಸ್ತ್ ಜಾಗ ಅಂದ್ರೆ ಅವನಿಗೆ ಸಿಟ್ಟು. "ನಮ್ಮ ಹೊಳಿ ನೀರ್ ಅದು ಮಾರಾಯಾ, ಆ ಕಡಿಗೆ ಹರಿಸ್ಕೊಂಡ್ ಹೊಂಟಾರ, ನೀ ಭಜಿ ತಿನ್ನಾಕತ್ತಿ" ಅಂತಾನೆ. ಮುಂಬೈ ಕಡೆಯ ಇನ್ನೊಬ್ಬ ಅದರಿಂದ ಬರೋ ಕರೆಂಟಲ್ಲೇ ಲೋಕಲ್ ಟ್ರೈನ್ ಓಡಿದ್ದು ಅಂತ ವಾದ ಹೂಡ್ತಾನೆ. ಪ್ರತಿ ಮಳೆಗಾಲದಲ್ಲೂ ಇದೇ ಜಗಳ, ಚಹಾ ಆರಿ ಹೋಗೋವರೆಗೆ. ಮುಂದಿನ ವಾರ ಮೂವರೂ ಸೇರಿ ಮುಳಶಿಗೆ ಹೋಗೋ ಪ್ಲಾನ್ ಇದೆ. ಕಟ್ಟೆ ಮೇಲೆ ನಿಲ್ಲಿಸಿ ಅವರಿಬ್ಬರ ಜಗಳ ಮತ್ತೆ ಹಚ್ಚೋದು ಅಂತ ನಾನು.